ಗುಡ್ಡ ಕಣ್ಣೆದುರಿಗೇ ಇದೆ, ಹತ್ತಬಹುದೋ ಬಾರದೋ ಗೊತ್ತಾಗುತ್ತಿಲ್ಲ

ವೇದಾವತಿ ದಂಡೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡ್‌ನ ಸ್ಟಾಕ್‌ಪೋರ್ಟ್‌ನಲ್ಲಿ ನರ್ಸ್. ಬಂದು ಮೂರು ವರ್ಷ ಆಯ್ತು. ಊರು ಹಿರಿಯೂರು ತಾಲೂಕು. ಏಪ್ರಿಲ್‌ನಲ್ಲಿ ಅಪ್ಪ ಬಂದಿದ್ದಾರೆ, ಸೆಪ್ಟೆಂಬರ್‌ವರೆಗೆ ಇರುತ್ತಾರೆ. ಅವರಿಗೆ 67. ಹತ್ತನೇ ವಯಸ್ಸಿಗೆ ಕುರಿ ಹಿಂದೆ ಹೋದವರು, ಮಂಡಿ ನೋವು ಜಾಸ್ತಿ ಆಗೋವರೆಗೂ ಬಿಟ್ಟಿರಲಿಲ್ಲ. ಒಂದು ಕಾಲಕ್ಕೆ ನಮ್ಮ ಮನೇಲಿ ಎಂಬತ್ತು ಕುರಿ ಇತ್ತು.

ಅಂಥವರು ಇಲ್ಲಿ ಎರಡನೇ ಮಹಡಿಯ ಫ್ಲಾಟ್‌ನಲ್ಲಿ ಕಿಟಕಿ ಪಕ್ಕ ಕೂತಿರುತ್ತಾರೆ. ಮೋಡ ಇಲ್ಲದ ದಿನ ದೂರದಲ್ಲಿ ಗುಡ್ಡದ ಸಾಲು ಕಾಣುತ್ತದೆ. ಬಂದ ವಾರದಿಂದಲೂ ಒಂದೇ ಮಾತು, "ಅಲ್ಲಿಗೆ ಒಂದ್ಸಲ ಹೋಗ್ಬರಾನ."

ಹೋದ ಭಾನುವಾರ ನನಗೆ ರಜೆ ಸಿಕ್ಕಿತು. ಕಾರ್ ತಗೊಂಡು ಹೇಫೀಲ್ಡ್ ಕಡೆಗೆ ಹೋದೆವು. ಒಂದು ಸಣ್ಣ ರಸ್ತೆ ಪಕ್ಕ ಗಾಡಿ ನಿಲ್ಲಿಸಿದೆ. ಅಲ್ಲೊಂದು ಕಬ್ಬಿಣದ ಗೇಟು, ಅದರಾಚೆ ಹಸಿರು ಹುಲ್ಲಿನ ಹೊಲ, ಹೊಲದ ಕೊನೆಗೆ ಕಲ್ಲಿನ ಗೋಡೆ, ಗೋಡೆ ಆಚೆ ಗುಡ್ಡ. ಗುಡ್ಡದ ತುಂಬ ಕುರಿ. ಎಲ್ಲೂ ಬೋರ್ಡ್ ಇರಲಿಲ್ಲ. ಗೇಟು ತೆಗೆದು ಒಳಗೆ ಹೋದೆವು.

ಅರ್ಧ ಹೊಲ ದಾಟಿರಬೇಕು, ನಾಲ್ಕು ಚಕ್ರದ ಬೈಕಿನಲ್ಲಿ ಒಬ್ಬರು ಬಂದರು. ಇದು ಖಾಸಗಿ ಜಮೀನು, ಬಂದ ದಾರೀಲೇ ವಾಪಸ್ ಹೋಗಿ ಅಂದರು. ಕೂಗಾಡಲಿಲ್ಲ. ಆದರೂ ನನಗೆ ಮುಖ ಸುಟ್ಟ ಹಾಗಾಯ್ತು. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ವಿಷಯ ಏನು ಅಂತ ನನಗಿಂತ ಮೊದಲೇ ಅವರಿಗೆ ಗೊತ್ತಾಗಿತ್ತು. ಸುಮ್ನೆ ತಿರುಗಿದರು. ಗೇಟಿನ ಚಿಲಕ ತಾವೇ ಹಾಕಿ, ಎರಡು ಸಲ ಅಲ್ಲಾಡಿಸಿ ನೋಡಿದರು. ಕಾರಿನಲ್ಲಿ ಕೂತ ಮೇಲೆ ಕೇಳಿದರು, "ಅಲ್ಲವ್ವಾ, ಈ ದೇಶ್ದಾಗೆ ಗುಡ್ಡಕ್ಕೂ ಒಬ್ಬ ಧಣಿ ಇರ್ತಾನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ಬೆಟ್ಟ ಗುಡ್ಡದಲ್ಲಿ ಯಾರು ಬೇಕಾದರೂ ನಡೆಯೋಕೆ ಕಾನೂನೇ ಇದೆ ಅಂತ ನನ್ನ ಜೊತೆ ಕೆಲಸ ಮಾಡುವವರು ಹೇಳುತ್ತಾರೆ. ಹಾಗಿದ್ದರೆ ನಮ್ಮನ್ನು ಯಾಕೆ ಕಳಿಸಿದರು? ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಅಂತ ತಿಳಿಯೋದು ಹೇಗೆ? ಆ ಗುಡ್ಡಗಳಲ್ಲಿ ನಮ್ಮಂಥವರು ಜಾಸ್ತಿ ಕಾಣೋದೂ ಇಲ್ಲ. ಇನ್ನೊಂದು ಸಲ ಅಪ್ಪನ ಎದುರು ಹೀಗಾಗಬಾರದು, ಅದಕ್ಕೇ ಕೇಳುತ್ತಿದ್ದೇನೆ.

ತುಂಗೆಯ ಕಡೆಯವ ಬರೆದದ್ದು

ತಂಗಿ, ಮೊದಲಿಗೆ ಒಂದು ಮಾತು. ನೀವು ತಪ್ಪು ಮಾಡಲು ಹೋದವರಲ್ಲ, ಗೊತ್ತಿಲ್ಲದೆ ಹೋದವರು. ಇಲ್ಲೇ ಹುಟ್ಟಿ ಬೆಳೆದವರಿಗೂ ಇದು ಆಗುತ್ತದೆ. ನಾನು ಶೆಫೀಲ್ಡ್‌ನಲ್ಲಿದ್ದೇನೆ, ಊರು ತೀರ್ಥಹಳ್ಳಿ. 17 ವರ್ಷದಿಂದ ತಿಂಗಳಿಗೆ ಎರಡು ಭಾನುವಾರ ಪೀಕ್ ಡಿಸ್ಟ್ರಿಕ್ಟ್‌ನ ಗುಡ್ಡಗಳಲ್ಲಿ ನಡೆಯುತ್ತೇನೆ. ಮೊದಲ ವರ್ಷ ನನ್ನನ್ನೂ ಹೀಗೇ ವಾಪಸ್ ಕಳಿಸಿದ್ದರು.

ನೀವು ಬರೆದದ್ದು ನೋಡಿದರೆ ಆಗಿದ್ದು ಇಷ್ಟೇ ಅನಿಸುತ್ತದೆ. ಗುಡ್ಡ ಎಲ್ಲರಿಗೂ ತೆರೆದದ್ದು. ಅದಕ್ಕೂ ರಸ್ತೆಗೂ ನಡುವೆ ಇದ್ದ ಹೊಲ ಹಾಗಲ್ಲ. ಆ ಮನುಷ್ಯ ಹೇಳಿದ್ದು ಕಾನೂನು ಪ್ರಕಾರ ಸರಿ. ಆದರೆ "ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಕಾಲುದಾರಿ ಇದೆ" ಅಂತ ಒಂದು ಮಾತು ಸೇರಿಸಬಹುದಿತ್ತು. ಆ ಮಾತು ಹೇಳುವ ರೈತರೂ ಬೇಕಾದಷ್ಟು ಜನ ಇದ್ದಾರೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2000ನೇ ಇಸವಿಯಲ್ಲಿ ಒಂದು ಕಾನೂನು ಬಂತು. ಅದರ ಪ್ರಕಾರ ಬೆಟ್ಟ, ಮೂರ್ ಅನ್ನುವ ಬೋಳು ಗುಡ್ಡ, ಹೀತ್ ಪೊದೆಯ ಬಯಲು, ಸುಣ್ಣದ ನೆಲದ ಹುಲ್ಲುಗುಡ್ಡ, ಮತ್ತೆ ಕಾಮನ್ ಅಂತ ನೋಂದಣಿ ಆದ ಜಮೀನು, ಇಷ್ಟರಲ್ಲಿ ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ಓಡಾಡಬಹುದು. ದಾರಿ ಬಿಟ್ಟೂ ಹೋಗಬಹುದು. ಓಡಬಹುದು, ಬಂಡೆ ಹತ್ತಬಹುದು, ಕೂತು ಬುತ್ತಿ ಬಿಚ್ಚಬಹುದು. ಸೈಕಲ್ ಇಲ್ಲ, ಕುದುರೆ ಇಲ್ಲ, ಟೆಂಟ್ ಇಲ್ಲ, ಬೆಂಕಿ ಇಲ್ಲ. ನಿಮ್ಮ ಕಡೆಯ ಗುಡ್ಡಗಳಲ್ಲಿ ಈ ಹಕ್ಕು ಜಾರಿಗೆ ಬಂದದ್ದು 2004ರ ಸೆಪ್ಟೆಂಬರ್ 19ಕ್ಕೆ. ಆದರೆ ಇದೆಲ್ಲಾ ಸೇರಿ ಇಂಗ್ಲೆಂಡ್‌ನ ನೆಲದಲ್ಲಿ ನೂರಕ್ಕೆ ಎಂಟು ಪಾಲು ಮಾತ್ರ. ಉಳಿದ ಕಡೆ ಕಾಲುದಾರಿ ಎಲ್ಲಿದೆಯೋ ಅದರ ಮೇಲಷ್ಟೇ ನಡೆಯಬೇಕು.

ಗುರುತು ಹಿಡಿಯೋದು ಕಷ್ಟ ಅಲ್ಲ. ಓಎಸ್ ಎಕ್ಸ್‌ಪ್ಲೋರರ್ ಅನ್ನುವ ಕಿತ್ತಳೆ ರಟ್ಟಿನ ನಕ್ಷೆ ಬರುತ್ತದೆ. ನಿಮಗೆ ಬೇಕಾದದ್ದು ಓಎಲ್1, ಡಾರ್ಕ್ ಪೀಕ್. ಬಿಚ್ಚಿ ಮೇಜಿನ ಮೇಲೆ ಹಾಕಿ. ತಿಳಿ ಹಳದಿ ಬಳಿದ ಜಾಗ ಪೂರ್ತಿ ತೆರೆದದ್ದು. ಬಿಳಿ ಜಾಗ ಯಾರದೋ ಹೊಲ. ಆ ಬಿಳಿ ಜಾಗದ ಮೇಲೆ ಹಸಿರು ಗೀಟುಗಳ ಸಾಲು ಹೋಗುತ್ತಲ್ಲ, ಅದೇ ಸಾರ್ವಜನಿಕ ಕಾಲುದಾರಿ. ಹೊಲದ ನಡುವೆ ಹೋದರೂ ಅದು ನಿಮ್ಮ ಹಕ್ಕು, ಯಾರೂ ತಡೆಯೋ ಹಾಗಿಲ್ಲ. ಹಸಿರು ಗೀಟು ಹಿಡಿದು ಹಳದಿ ಸೇರಬೇಕು. ನೀವು ಬಿಳಿಯಲ್ಲಿ ಗೀಟಿಲ್ಲದ ಕಡೆ ಕಾಲಿಟ್ಟಿರಿ, ಅಷ್ಟೇ. ಸ್ಥಳದಲ್ಲೂ ಗುರುತು ಇರುತ್ತದೆ. ಹಳದಿ ಬಾಣ ಅಂದರೆ ಕಾಲುದಾರಿ. ಕಂದು ಬಣ್ಣದ ದುಂಡು ಬಿಲ್ಲೆಯಲ್ಲಿ ಗುಡ್ಡದ ಮೇಲೆ ನಡೆಯುವ ಮನುಷ್ಯನ ಚಿತ್ರ ಇದ್ದರೆ ಅಲ್ಲಿಂದ ತೆರೆದ ಜಾಗ ಶುರು.

ದಾರಿಯಲ್ಲಿ ಗೋಡೆ ಅಡ್ಡ ಬಂದರೆ ಕಲ್ಲಿನ ಮೆಟ್ಟಿಲು ಇಟ್ಟಿರುತ್ತಾರೆ. ಇಲ್ಲಿ ಅದಕ್ಕೆ ಸ್ಟೈಲ್ ಅಂತಾರೆ. ನಮ್ಮ ಮಲೆನಾಡಿನಲ್ಲಿ ತಡಮೆ ಅನ್ನೋದಿಲ್ವಾ, ಮನುಷ್ಯರು ದಾಟಬಹುದು, ದನ ದಾಟಬಾರದು, ಅದೇ. ನಾನು ಮೊದಲ ಸಲ ಇಲ್ಲಿ ತಡಮೆ ದಾಟಿದಾಗ ನಮ್ಮ ತೋಟದ ಬೇಲಿ ನೆನಪಾಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅಪ್ಪನ ಮಂಡಿಗೆ ಕೆಲವು ಎತ್ತರ ಆಗಬಹುದು, ಗೇಟು ಇರುವ ದಾರಿ ನೋಡಿ.

ಇನ್ನು ಅಪ್ಪ ಕೇಳಿದ್ದಕ್ಕೆ ಉತ್ತರ. ಹೌದು, ಇಲ್ಲಿ ಎಲ್ಲ ಗುಡ್ಡಕ್ಕೂ ಧಣಿ ಇದ್ದಾನೆ. ಕಾಮನ್ ಅನ್ನುವ ಜಮೀನಿಗೂ ಇದ್ದಾನೆ. ಆ ಹೆಸರು ಕೇಳಿದರೆ ಊರ ಜನರ ಆಸ್ತಿ ಅನಿಸುತ್ತದೆ. ಹಾಗಲ್ಲ. ನೆಲ ಒಬ್ಬರದು, ಆ ನೆಲದಲ್ಲಿ ಮೇಯಿಸುವ ಹಕ್ಕು ಸುತ್ತಮುತ್ತಲಿನ ಕೆಲವು ಮನೆಗಳದು. ಕುರಿ ಮೇಯಿಸೋದು, ಉರುವಲಿಗೆ ಪೀಟ್ ಕಡಿಯೋದು, ಕೊಟ್ಟಿಗೆಗೆ ಹಾಸೋಕೆ ಬ್ರಾಕನ್ ಸೊಪ್ಪು ಕೊಯ್ಯೋದು, ಮೀನು ಹಿಡಿಯೋದು, ಎಲ್ಲಕ್ಕೂ ಬೇರೆ ಬೇರೆ ಹಕ್ಕು, ಬೇರೆ ಬೇರೆ ಹೆಸರು. ದಕ್ಷಿಣದ ನ್ಯೂ ಫಾರೆಸ್ಟ್‌ನಲ್ಲಿ ಈಗಲೂ ಚಳಿ ಶುರುವಾಗುವ ಮುಂಚೆ ಓಕ್ ಕಾಯಿ ತಿನ್ನೋಕೆ ಹಂದಿ ಬಿಡುತ್ತಾರೆ. ಆ ಹಸಿ ಕಾಯಿ ಕುದುರೆಗಳಿಗೆ ವಿಷ, ಹಂದಿ ತಿಂದು ಮುಗಿಸಿದರೆ ಕುದುರೆ ಉಳಿಯುತ್ತವೆ. ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇದ್ದ ಹಾಗೇ ಇದೂ. ನಡೆಯುವವರ ಹಕ್ಕು ಇದೆಲ್ಲದರ ಮೇಲೆ ಕೊನೆಗೆ ಬಂದು ಕೂತದ್ದು.

ಅದು ಸುಮ್ನೆ ಬರಲಿಲ್ಲ. ನೀವು ಹೋಗಿದ್ದ ಹೇಫೀಲ್ಡ್‌ನಿಂದಲೇ 1932ರ ಏಪ್ರಿಲ್ 24, ಭಾನುವಾರ, ಸುಮಾರು ನಾನೂರು ಜನ ಕಿಂಡರ್ ಸ್ಕೌಟ್ ಗುಡ್ಡ ಹತ್ತಲು ಹೊರಟರು. ಆಗ ಆ ಗುಡ್ಡ ಗ್ರೌಸ್ ಹಕ್ಕಿ ಬೇಟೆಗೆ ಮೀಸಲು. ವರ್ಷದಲ್ಲಿ ಕೆಲವು ದಿನ ಬೇಟೆ, ಉಳಿದ ದಿನವೂ ಕಾವಲು. ಹೊರಟವರಲ್ಲಿ ಬಹಳ ಜನ ಮ್ಯಾಂಚೆಸ್ಟರ್ ಕಡೆಯ ಕಾರ್ಮಿಕರು. ವಾರಪೂರ್ತಿ ಹೊಗೆ ಕುಡಿದು ದುಡಿಯುವವರಿಗೆ ಭಾನುವಾರ ಒಂದಿಷ್ಟು ಗಾಳಿ ಬೇಕಿತ್ತು. ಮುಂದೆ ನಿಂತಿದ್ದ ಬೆನ್ನಿ ರೋತ್‌ಮನ್‌ಗೆ ಆಗ 20 ವರ್ಷ. ಕಾವಲುಗಾರರ ಜೊತೆ ತಳ್ಳಾಟ ಆಯ್ತು. ಐದು ಹುಡುಗರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲು. ಬೆನ್ನಿಗೆ ನಾಲ್ಕು ತಿಂಗಳು. ಅವರನ್ನು ಹಾಕಿದ್ದು ದೊಂಬಿಯಂಥ ಕೇಸಿನ ಮೇಲೆ, ಗುಡ್ಡ ಹತ್ತಿದ್ದಕ್ಕೆ ಅಲ್ಲ. ಬೇರೆಯವರ ಜಮೀನಿಗೆ ಕಾಲಿಡೋದು ಇಲ್ಲಿ ಆಗಲೂ ಕ್ರಿಮಿನಲ್ ಅಪರಾಧ ಆಗಿರಲಿಲ್ಲ, ಈಗಲೂ ಸಾಮಾನ್ಯವಾಗಿ ಅಲ್ಲ. ಮಾಲೀಕರು ಹೊರಗೆ ಹೋಗಿ ಅನ್ನಬಹುದು, ನೀವು ಹೋಗಬೇಕು. ಅಲ್ಲಿಗೆ ಮುಗಿಯಿತು. ಹಾಗಾಗಿ ಆ ಭಾನುವಾರದ ಬಗ್ಗೆ ಭಯ ಇಟ್ಟುಕೊಳ್ಳಬೇಡಿ.

1932ರಿಂದ 2000, ಲೆಕ್ಕ ಹಾಕಿ. 68 ವರ್ಷ. 2002ರಲ್ಲಿ ಎಪ್ಪತ್ತನೇ ವರ್ಷದ ನೆನಪಿಗೆ ಅಲ್ಲಿ ಜನ ಸೇರಿದ್ದರು. 1932ರಲ್ಲಿ ಆ ಗುಡ್ಡದ ಒಡೆತನ ಇದ್ದ ಮನೆತನದ, ಆಗಿನ ಡ್ಯೂಕ್ ಆಫ್ ಡೆವನ್‌ಶೈರ್ ಬಂದು, ತನ್ನ ತಾತನ ಕಾಲದಲ್ಲಿ ಆದದ್ದು ತಪ್ಪು ಅಂತ ಎಲ್ಲರೆದುರು ಕ್ಷಮೆ ಕೇಳಿದರು. ಈಗ ಕಿಂಡರ್ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಯಲ್ಲಿದೆ, 1982ರಿಂದ. ಅಪ್ಪನನ್ನು ಅಲ್ಲಿಗೇ ಕರೆದುಕೊಂಡು ಹೋಗಿ. ಬೌಡನ್ ಬ್ರಿಜ್‌ನಲ್ಲಿ ಕಾರ್ ನಿಲ್ಲಿಸಬಹುದು. ಆ ನಾನೂರು ಜನ ಸೇರಿದ್ದ ಹಳೇ ಕಲ್ಲುಕ್ವಾರಿ ಅದೇ, ಬಂಡೆಗೆ ಫಲಕ ಹಾಕಿದ್ದಾರೆ. ಅಲ್ಲಿಂದ ಜಲಾಶಯದ ಪಕ್ಕ ವೈಟ್ ಬ್ರೌ ದಾರಿ ಹಿಡಿಯಿರಿ. ಮೊದಲಲ್ಲಿ ಸ್ವಲ್ಪ ಏರು, ಆಮೇಲೆ ಹದವಾಗಿದೆ.

ಗ್ರಾನೈಟ್ ಊರು ಬರೆದದ್ದು

ನಾನು ಅಬರ್ಡೀನ್‌ನವನು, ಮೂಲ ಬಾಗಲಕೋಟೆ. ಸ್ಕಾಟ್ಲೆಂಡ್ ಕಥೆ ಬೇರೆ ಅಂತ ಹೇಳಿ ಹೋಗುತ್ತೇನೆ. ಇಲ್ಲಿ 2003ರ ಕಾನೂನು, 2005ರ ಫೆಬ್ರವರಿಯಿಂದ ಜಾರಿ. ಹಳದಿ, ಬಿಳಿ ಅಂತ ಇಲ್ಲ. ಹೆಚ್ಚೂ ಕಡಿಮೆ ಎಲ್ಲಾ ನೆಲ, ಕೆರೆ, ನದಿ ಎಲ್ಲವೂ ತೆರೆದದ್ದು. ಸೈಕಲ್ ಆಗುತ್ತೆ, ಕುದುರೆ ಆಗುತ್ತೆ, ಸಣ್ಣ ಟೆಂಟ್ ಹಾಕಿ ಒಂದೆರಡು ರಾತ್ರಿ ಮಲಗಬಹುದು. ಮನೆಯ ಅಂಗಳ ಬಿಡಬೇಕು, ಬೆಳೆ ನಿಂತ ಹೊಲ ತುಳಿಯಬಾರದು, ಬದುವಿನ ಮೇಲೆ ಹೋಗಬೇಕು. ಲೋಖ್ ಲೊಮಂಡ್ ಸರೋವರದ ಸುತ್ತ ಕೆಲವು ದಂಡೆಗಳಲ್ಲಿ ಮಾತ್ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಟೆಂಟ್‌ಗೆ ಪರ್ಮಿಟ್ ಬೇಕು. ಒಟ್ಟಿನಲ್ಲಿ ಹಕ್ಕು ಮೊದಲು, ಜವಾಬ್ದಾರಿ ಅದರ ಜೊತೆಗೇ.

ಇಂಗ್ಲೆಂಡ್‌ನಲ್ಲಿ ರಾತ್ರಿ ಟೆಂಟ್ ಹಾಕುವ ಹಕ್ಕು ಇರೋದು ಡಾರ್ಟ್‌ಮೂರ್ ಅನ್ನುವ ಗುಡ್ಡಸೀಮೆಯ ಕಾಮನ್‌ಗಳಲ್ಲಿ ಮಾತ್ರ, 1985ರ ಅಲ್ಲಿನದೇ ಒಂದು ಕಾನೂನಿನಿಂದ. ಅದನ್ನೂ 2023ರ ಜನವರಿಯಲ್ಲಿ ಹೈಕೋರ್ಟ್ ಇಲ್ಲ ಅಂದಿತ್ತು. ಅದೇ ಜುಲೈನಲ್ಲಿ ಮೇಲಿನ ಕೋರ್ಟ್ ವಾಪಸ್ ಕೊಟ್ಟಿತು. 2025ರ ಮೇ 21ಕ್ಕೆ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನೇ ಎತ್ತಿಹಿಡಿಯಿತು. ಕಾನೂನಿನಲ್ಲಿದ್ದ "ಹೊರಾಂಗಣ ಮನರಂಜನೆ" ಅನ್ನೋದರಲ್ಲಿ ರಾತ್ರಿ ಮಲಗೋದೂ ಸೇರುತ್ತಾ ಇಲ್ವಾ ಅನ್ನೋದಷ್ಟೇ ಪ್ರಶ್ನೆ. ಒಂದು ಮಾತಿನ ಅರ್ಥಕ್ಕೆ ಮೂರು ಕೋರ್ಟ್. ಕೊಟ್ಟ ಹಕ್ಕನ್ನು ಎಷ್ಟು ಸುಲಭವಾಗಿ ಕಿತ್ತುಕೊಳ್ಳಬಹುದು ಅಂತ ಆ ಆರು ತಿಂಗಳು ನೋಡಿದ ಮೇಲೆ ನಾನು ಇಂಥದ್ದಕ್ಕೆಲ್ಲಾ ಚಂದಾ ಕೊಡೋಕೆ ಶುರು ಮಾಡಿದೆ.

ವೇದಾವತಿ ದಂಡೆ ಬರೆದದ್ದು

ಅಣ್ಣ, ತುಂಬಾ ಥ್ಯಾಂಕ್ಸ್. ನಕ್ಷೆ ತರಿಸಿದೆ. ನಿನ್ನೆ ರಾತ್ರಿ ಊಟ ಆದ ಮೇಲೆ ನೆಲದ ಮೇಲೆ ಹರಡಿ ಅಪ್ಪನಿಗೆ ತೋರಿಸಿದೆ. ನಾವು ಗಾಡಿ ನಿಲ್ಲಿಸಿದ್ದ ಜಾಗ ಸಿಕ್ಕಿತು. ನೀವು ಹೇಳಿದ್ದು ಅಕ್ಷರಶಃ ನಿಜ. ಆ ಹೊಲ ಬಿಳಿ, ಗೋಡೆ ಆಚೆ ಹಳದಿ. ಹಸಿರು ಗೀಟು ಅಲ್ಲಿಂದ ಅರ್ಧ ಕಿಲೋಮೀಟರ್ ಮುಂದೆ ಇತ್ತು. ಅರ್ಧ ಕಿಲೋಮೀಟರ್!

ಅಪ್ಪ ಬೆರಳಿಟ್ಟು ಗೀಟಿನ ಮೇಲೆ ಎಳೆದುಕೊಂಡು ಹೋದರು. ಆಮೇಲೆ ಹೇಳಿದರು, "ನಮ್ಮೂರಾಗೂ ಇಂಗೇ ನಕಾಶೆ ಐತೆ. ಶಾನುಭೋಗ್ರ ಮನೇಲಿ ನೋಡಿದ್ದೆ. ಬಂಡಿದಾರಿ, ಕಾಲ್ದಾರಿ ಎಲ್ಲಾ ಬರ್ದಿತ್ತು. ಈಗ ದಾರಿನೂ ಇಲ್ಲ, ಗೋಮಾಳನೂ ಇಲ್ಲ." ನಾನು ಚಿಕ್ಕವಳಿದ್ದಾಗ ನಮ್ಮೂರ ಹಿಂದಿನ ಗೋಮಾಳದಲ್ಲಿ ಮಧ್ಯಾಹ್ನ ಅಪ್ಪನಿಗೆ ಬುತ್ತಿ ಕೊಟ್ಟು ಬರುತ್ತಿದ್ದೆ. ಈಗ ಅರ್ಧಕ್ಕೆ ಸೈಟ್ ಬಿದ್ದಿವೆ, ಉಳಿದದ್ದಕ್ಕೆ ಮುಳ್ಳುತಂತಿ. ಕುರಿ ಮಾರಿದ್ದು ಮಂಡಿಗೋಸ್ಕರ ಅಂತ ಅಪ್ಪ ಎಲ್ಲರಿಗೂ ಹೇಳುತ್ತಾರೆ. ಮೇಯಿಸೋಕೆ ಜಾಗ ಇಲ್ಲದ್ದೂ ಅಷ್ಟೇ ನಿಜ.

ಅವರ ಇನ್ನೊಂದು ಪ್ರಶ್ನೆ ಇದೆ. ಅಷ್ಟು ಕುರಿ ಇದ್ದವಲ್ಲ, ಕಾಯೋನು ಎಲ್ಲಿ? ಒಬ್ಬ ಮನುಷ್ಯನೂ ಇರಲಿಲ್ಲ, ನಾಯಿಯೂ ಇರಲಿಲ್ಲ, ಗುಡ್ಡದ ಮೇಲೆ ಬೇಲಿಯೂ ಇರಲಿಲ್ಲ. ಇದು ಅವರ ತಲೆಯಿಂದ ಹೋಗುತ್ತಲೇ ಇಲ್ಲ.

ಪಹಣಿ ಪುಟ ಬರೆದದ್ದು

ಅಮ್ಮಾ, ನಿಮ್ಮ ತಂದೆಯವರ ಮಾತು ಓದಿ ಬರೆಯುತ್ತಿದ್ದೇನೆ. ನಾನು ತುಮಕೂರು ಜಿಲ್ಲೆಯಲ್ಲಿ 31 ವರ್ಷ ಗ್ರಾಮ ಲೆಕ್ಕಿಗನಾಗಿದ್ದು ನಿವೃತ್ತನಾದವನು.

ಅವರು ನೋಡಿದ ನಕಾಶೆ ಈಗಲೂ ಇದೆ. ಗ್ರಾಮ ನಕಾಶೆಯಲ್ಲಿ ಸರ್ವೆ ನಂಬರಿನ ಗೆರೆಗಳ ಜೊತೆ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ ಎಲ್ಲಾ ಗುರುತಾಗಿರುತ್ತವೆ. "ನಕಾಶೆ ಕಂಡ ದಾರಿ" ಅಂತ ನಾವು ಬರೆಯುತ್ತಿದ್ದೆವು. ಆ ದಾರಿ ಒಬ್ಬರ ಹಿಡುವಳಿ ಒಳಗೆ ಹೋದರೂ ಅಷ್ಟು ಗುಂಟೆಯನ್ನು ಬಿ ಖರಾಬು ಅಂತ ಪಹಣಿಯಲ್ಲಿ ಕಳೆದಿರುತ್ತಾರೆ. ಬಿ ಖರಾಬು ಅಂದರೆ ಸಾರ್ವಜನಿಕರಿಗೆ ಬಿಟ್ಟದ್ದು, ಅದಕ್ಕೆ ಕಂದಾಯ ಇಲ್ಲ, ಅದನ್ನು ಉತ್ತು ಮುಚ್ಚೋ ಹಾಗಿಲ್ಲ. ಆದರೂ ಉಳುತ್ತಾರೆ. ವರ್ಷಕ್ಕೆ ಒಂದು ಗೇಣು, ಎರಡು ಗೇಣು. ಇಪ್ಪತ್ತು ವರ್ಷಕ್ಕೆ ದಾರಿ ಮಾಯ. ನಾನೇ ಎಷ್ಟೋ ಸಲ ಸರಪಳಿ ಹಿಡಿದು ನಿಂತಿದ್ದೇನೆ. ಒಂದು ಬದಿಗೆ ಅಣ್ಣ, ಇನ್ನೊಂದು ಬದಿಗೆ ತಮ್ಮ, ನಡುವೆ ಇರಬೇಕಾದ ದಾರಿಯಲ್ಲಿ ಕಡಲೆಕಾಯಿ ಬೆಳೆ.

ಗೋಮಾಳದ ಲೆಕ್ಕವೂ ಸ್ಪಷ್ಟ ಇದೆ. 1966ರ ಭೂಕಂದಾಯ ನಿಯಮಗಳಲ್ಲಿ 97ನೇ ನಿಯಮ, ಊರಿನ ನೂರು ದನಕ್ಕೆ 30 ಎಕರೆ. ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಬೇರೆಯದಕ್ಕೆ ಕೊಡಬಹುದು. ದನದ ಗಣತಿ ಕಡಿಮೆ ಬರೆದರೆ ಗೋಮಾಳ "ಜಾಸ್ತಿ" ಆಗುತ್ತದೆ, ಆಮೇಲೆ ಹಂಚೋದು ಸುಲಭ. ಹೇಗೆ ಕರಗಿತು ಅನ್ನೋದಕ್ಕೆ ಇದೊಂದು ಉತ್ತರ. ಬಗರ್ ಹುಕುಂ ಸಾಗುವಳಿ, ಅಂದರೆ ಸರ್ಕಾರಿ ಜಮೀನನ್ನು ಅನುಮತಿ ಇಲ್ಲದೆ ಉಳೋದು, ಇನ್ನೊಂದು. ಅದರಲ್ಲಿ ಎಲ್ಲರನ್ನೂ ಬೈಯಲು ನನಗೆ ಮನಸ್ಸು ಬರುವುದಿಲ್ಲ, ಒಂದು ಎಕರೆ ಉತ್ತು ಮಕ್ಕಳನ್ನು ಸಾಕಿದ ಭೂಮಿ ಇಲ್ಲದವರನ್ನು ನೋಡಿದ್ದೇನೆ. ಹತ್ತಿಪ್ಪತ್ತು ಎಕರೆ ಇದ್ದೂ ಅರ್ಜಿ ಹಾಕಿದವರನ್ನೂ ನೋಡಿದ್ದೇನೆ. ಇಬ್ಬರೂ ಒಂದೇ ಅಲ್ಲ. 2011ರ ಜನವರಿ 28ಕ್ಕೆ ಸುಪ್ರೀಂ ಕೋರ್ಟ್ ಜಗ್‌ಪಾಲ್ ಸಿಂಗ್ ಕೇಸಿನಲ್ಲಿ, ಊರ ಸಮುದಾಯದ ಜಮೀನು ಒತ್ತುವರಿ ಆದದ್ದನ್ನು ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಅಂತ ಹೇಳಿತು. ಆ ಕೇಸು ಪಂಜಾಬಿನ ಒಂದು ಊರಿನ ಕೊಳದ್ದು. ತೀರ್ಪಿನ ಪ್ರತಿ ಹಿಡಿದು ತಹಶೀಲ್ದಾರರ ಮುಂದೆ ನಿಲ್ಲುವ ಊರಿನವರು ಬೇಕು, ಅಷ್ಟೇ.

ಒಂದು ಕೆಲಸ ಮಾಡಿ. ಮೊಬೈಲಿನಲ್ಲಿ ದಿಶಾಂಕ್ ಅನ್ನುವ ಸರ್ಕಾರದ ಆ್ಯಪ್ ಹಾಕಿಕೊಂಡು ನಿಮ್ಮೂರ ಸರ್ವೆ ನಂಬರ್ ನೋಡಿ. ಗ್ರಾಮ ನಕಾಶೆಯ ಪ್ರತಿ ತೆಗೆಸಿ. ತಂತಿ ಹಾಕಿದ ಜಾಗ ಪಹಣಿಯಲ್ಲಿ ಇನ್ನೂ ಸರ್ಕಾರಿ ಗೋಮಾಳ ಅಂತಲೇ ಇದ್ದರೆ ಅರ್ಜಿ ಕೊಡಬಹುದು. ತಂದೆಯವರು ಹಳೇ ದಾರಿಗಳನ್ನು ಬಲ್ಲವರು. ಅವರ ಬಾಯಲ್ಲಿ ಹೇಳಿಸಿ ಈಗಲೇ ಬರೆದಿಟ್ಟುಕೊಳ್ಳಿ. ಯಾವ ಮರದ ಹತ್ತಿರ ತಿರುಗುತ್ತಿತ್ತು, ಯಾವ ಹಳ್ಳ ದಾಟುತ್ತಿತ್ತು, ಎಲ್ಲಾ. ಅಳತೆಗೆ ಹೋದಾಗ ಅಂಥ ಒಂದು ಮಾತು ನಮಗೆ ಎಷ್ಟು ಸಹಾಯ ಮಾಡುತ್ತಿತ್ತು ಅಂತ ನನಗೆ ಗೊತ್ತು.

ಹೆಬ್ಬಾಳದ ಡಾಕ್ಟರ್ ಬರೆದದ್ದು

ನಾನು ಪಶುವೈದ್ಯೆ. ಹೆಬ್ಬಾಳದಲ್ಲಿ ಓದಿ ಈಗ ಉತ್ತರದ ಕಂಬ್ರಿಯಾದಲ್ಲಿ ಕೆಲಸ. ನಿಮ್ಮ ತಂದೆಯವರ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು. ಇಲ್ಲಿ ಇಷ್ಟು ವರ್ಷದಲ್ಲಿ ಗುಡ್ಡ ನೋಡಲು ಬಂದ ಯಾರೂ ನನ್ನನ್ನು ಅದನ್ನು ಕೇಳಿಲ್ಲ.

ಕಾಯುವವರು ಕುರಿಗಳೇ. ಇಲ್ಲಿನ ಗುಡ್ಡದ ಕುರಿಗಳಿಗೆ ತಮ್ಮ ಜಾಗ ಗೊತ್ತು. ಬೇಲಿ ಇಲ್ಲದಿದ್ದರೂ ಒಂದು ಹಿಂಡು ತನ್ನ ಪಾಲಿನ ಇಳಿಜಾರು ಬಿಟ್ಟು ದೂರ ಹೋಗುವುದಿಲ್ಲ. ತಾಯಿ ಜೊತೆ ಮೇಯುತ್ತಾ ಮರಿಯೂ ಅದೇ ಜಾಗ ಕಲಿಯುತ್ತದೆ, ಮುಂದೆ ಅದು ತನ್ನ ಮರಿಗೆ ಕಲಿಸುತ್ತದೆ. ಇದಕ್ಕೆ ಹೆಫ್ಟ್ ಅಂತಾರೆ. ರೈತ ಜಮೀನು ಮಾರಿದರೂ ಎಷ್ಟೋ ಕಡೆ ಆ ಹಿಂಡು ಜಮೀನಿನ ಜೊತೆಗೇ ಹೋಗುತ್ತದೆ. 2001ರಲ್ಲಿ ಕಾಲುಬಾಯಿ ಬೇನೆ ಬಂದು ಈ ದೇಶದಲ್ಲಿ 60 ಲಕ್ಷಕ್ಕೂ ಜಾಸ್ತಿ ಪ್ರಾಣಿಗಳನ್ನು ಕೊಂದರು. ಆಗ ಕಂಬ್ರಿಯಾದವರ ದೊಡ್ಡ ಚಿಂತೆ ಇದೇ ಆಗಿತ್ತು. ಕುರಿ ಕೊಂಡು ತರಬಹುದು, ಆ ಕಲಿಕೆಯನ್ನು ಕೊಳ್ಳೋದು ಎಲ್ಲಿಂದ? ಹೊಸ ಹಿಂಡಿಗೆ ಗುಡ್ಡ ಕಲಿಸಲು ಮೊದಲಿನ ಹಾಗೆ ಹಿಂದೆ ನಿಂತು ಕಾಯಬೇಕು, ವರ್ಷಗಟ್ಟಲೆ. ಯಾವುದು ಯಾರ ಕುರಿ ಅಂತ ತಿಳಿಯೋಕೆ ಬೆನ್ನ ಮೇಲೆ ಬಣ್ಣದ ಗುರುತು ಹಾಕುತ್ತಾರೆ, ಕಿವಿಗೆ ಓಲೆ ಇರುತ್ತದೆ.

ಇಲ್ಲಿ ಎಲ್ಲರೂ ನಡೆಯುವವರ ಕಡೆಯಿಂದ ಬರೆದಿದ್ದೀರಿ. ನಾನು ಕುರಿ ಸಾಕುವವರ ಕೊಟ್ಟಿಗೆಯಲ್ಲಿ ನಿಲ್ಲುವವಳು, ಅವರ ಪರವಾಗಿ ಸ್ವಲ್ಪ ಹೇಳಬೇಕು. ವಸಂತದಲ್ಲಿ ಒಂದು ಬೆಳಿಗ್ಗೆ ಫೋನ್ ಬರುತ್ತದೆ, ನಾಯಿ ಅಟ್ಟಿಸಿದೆ ಅಂತ. ಹೋಗಿ ನೋಡಿದರೆ ಕಚ್ಚಿದ ಗಾಯ ಒಂದೂ ಇರುವುದಿಲ್ಲ, ಆದರೂ ಗಬ್ಬದ ಕುರಿ ಓಡಿ ಓಡಿ ಗಬ್ಬ ಕಳೆದುಕೊಂಡಿರುತ್ತದೆ. ನಾಯಿಯ ಯಜಮಾನರು "ಅದು ಆಟ ಆಡುತ್ತಿತ್ತು" ಅಂದಿರುತ್ತಾರೆ. ತೆರೆದ ಗುಡ್ಡದಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಎರಡು ಮೀಟರ್‌ಗಿಂತ ಉದ್ದ ಇಲ್ಲದ ಹಗ್ಗದಲ್ಲೇ ಹಿಡಿದಿರಬೇಕು ಅಂತ ಕಾನೂನು ಇದೆ. ಕುರಿ ದನ ಇರೋ ಕಡೆ ವರ್ಷಪೂರ್ತಿ. ಆ ತಿಂಗಳುಗಳಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳೂ ಮೊಟ್ಟೆ ಮೇಲೆ ಕೂತಿರುತ್ತವೆ.

ಗೇಟು ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಒಳ್ಳೇದು ಮಾಡೋಣ ಅಂತ ತೆರೆದ ಗೇಟು ಮುಚ್ಚಿ ಹೋದರೆ ಆಚೆ ಇರೋ ಹಿಂಡಿಗೆ ನೀರು ಸಿಗದೇ ಹೋಗಬಹುದು. ಕರು ಜೊತೆ ಇರೋ ಹಸುಗಳ ನಡುವೆ ಹೋಗಬೇಡಿ, ಬಳಸಿಕೊಂಡು ಹೋಗಿ. ಇದನ್ನೆಲ್ಲ ನಿಮ್ಮ ತಂದೆಯವರಿಗೆ ಹೇಳಬೇಕಾಗಿಲ್ಲ. ಚಿಲಕ ಎರಡು ಸಲ ಅಲ್ಲಾಡಿಸಿ ನೋಡಿದರು ಅಂತ ಬರೆದಿದ್ದೀರಲ್ಲ, ಆ ಬೈಕಿನ ಮನುಷ್ಯ ಅದನ್ನು ನೋಡಿದ್ದರೆ ಚೆನ್ನಾಗಿತ್ತು.

ವೇದಾವತಿ ದಂಡೆ ಬರೆದದ್ದು

ಹೋಗಿ ಬಂದೆವು. ಬೆಳಿಗ್ಗೆ ಒಂಬತ್ತಕ್ಕೆ ಬೌಡನ್ ಬ್ರಿಜ್. ಮಳೆ ಹನಿಯುತ್ತಿತ್ತು. ನಾನು ತಂದಿದ್ದ ಜಾಕೆಟ್ ಅಪ್ಪ ಬೇಡ ಅಂದರು. ಊರಿಂದ ತಂದಿದ್ದ ಚಳ್ಳಕೆರೆ ಕಂಬಳಿ ಗೊಪ್ಪೆ ಹಾಕಿಕೊಂಡು ಹೊರಟರು. ಬಂಡೆಯ ಮೇಲಿನ ಫಲಕ ಓದಿ ಅರ್ಥ ಹೇಳಿದೆ. "ಎಷ್ಟು ಜನಕ್ಕೆ ಜೈಲಾತು?" ಅಂದರು. ಐದು ಅಂದೆ. ಕಂಬಳಿ ತಲೆಯಿಂದ ಸರಿಸಿ ಸ್ವಲ್ಪ ಹೊತ್ತು ನಿಂತರು.

ಜಲಾಶಯ ದಾಟಿ ಗೇಟು ಬಂತು. ಪಕ್ಕದಲ್ಲಿ ಹಸಿರು ಲೋಹದ ಹಳೇ ಫಲಕ. 1897ರಲ್ಲಿ ತೆರೆದ ಸ್ನೇಕ್ ಪಾತ್ ಅನ್ನುವ ದಾರಿ ಇದೇ ಅಂತ ಆಮೇಲೆ ತಿಳಿಯಿತು. ಬೆನ್ನಿಯವರಿಗಿಂತ 35 ವರ್ಷ ಮೊದಲೇ ಯಾರೋ ಈ ಒಂದು ದಾರಿಗಾಗಿ ಹೋರಾಡಿದ್ದರು. ವೈಟ್ ಬ್ರೌ ಮೇಲೆ ಕುರಿ ಸಿಕ್ಕವು, ಬೆನ್ನ ಮೇಲೆ ನೀಲಿ ಗುರುತು. ಅಪ್ಪ ಬಾಯಲ್ಲಿ ಒಂದು ಸದ್ದು ಮಾಡಿದರು. ನಾನು ಚಿಕ್ಕಂದಿನಲ್ಲಿ ಕೇಳಿದ್ದ ಸದ್ದು, ಹದಿನೈದು ವರ್ಷ ಆಗಿರಬೇಕು ಅದನ್ನು ಕೇಳಿ. ಎರಡು ಕುರಿ ತಲೆ ಎತ್ತಿ ನೋಡಿದವು. ಮಿಕ್ಕವು ಮೇಯುತ್ತಲೇ ಇದ್ದವು.

ಹೀದರ್ ಗಿಡಕ್ಕೆ ಒಂದು ಹಿಡಿ ಉಣ್ಣೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಂಡು, ಹಿಂಜಿ, ತೊಡೆ ಮೇಲೆ ಇಟ್ಟು ಅಂಗೈಯಿಂದ ಹೊಸೆದರು. ಒಂದು ಗೇಣು ದಾರ ಆಯ್ತು. ಎರಡೂ ಕೈಯಲ್ಲಿ ಜಗ್ಗಿ ನೋಡಿ, "ನಮ್ದಕ್ಕಿಂತ ಉದ್ದ ಕೂದ್ಲು. ಒರಟು. ಕಂಬ್ಳಿಗಾಗ್ತತೆ" ಅಂದರು. ದಾರಿ ಪಕ್ಕದ ಕಪ್ಪು ಮಣ್ಣು ಕೈಗೆ ತಗೊಂಡು ಹಿಸುಕಿದರು, ನೀರು ಸೋರಿತು. ಎರೆಮಣ್ಣು ಅಂದುಕೊಂಡಿದ್ದರಂತೆ. "ಇದು ಮಣ್ಣೇ ಅಲ್ಲವ್ವಾ, ಹುಲ್ಲು ಕೊಳ್ತಿರೋದು." ಪೀಟ್ ಅಂದರೆ ಅದೇ ಅಂತ ಹೇಳಿದೆ.

ವಿಲಿಯಂ ಕ್ಲಫ್ ಅನ್ನುವ ಕಣಿವೆಯ ಬುಡದಲ್ಲಿ ಮಂಡಿ ಸಾಕು ಅಂದಿತು, ಅಲ್ಲೇ ಕೂತು ರೊಟ್ಟಿ ತಿಂದೆವು. ಎದ್ದ ಮೇಲೆ ಅಪ್ಪ ದಾರಿ ಬಿಟ್ಟು ಹೀದರ್ ಒಳಗೆ ಇಪ್ಪತ್ತು ಹೆಜ್ಜೆ ಹೋದರು. ತಿರುಗಿ ನನ್ನನ್ನು ಕೇಳಿದರು, "ಇಲ್ಲೂ ಬೈಯಲ್ವಾ?" ಇಲ್ಲ, ಇದು ಹಳದಿ ಅಂದೆ. ಹಾಗೇ ನಿಂತರು. ಅಷ್ಟರಲ್ಲಿ ಕೊಕ್ಕು ಬಾಗಿದ ಒಂದು ದೊಡ್ಡ ಹಕ್ಕಿ ಎದ್ದು ತಲೆ ಮೇಲೆ ಸುತ್ತುತ್ತಾ ಕೂಗೋಕೆ ಶುರು ಮಾಡಿತು. "ಮರಿ ಐತೆ ಇಲ್ಲೆಲ್ಲೋ" ಅಂತ ಬಂದ ಹೆಜ್ಜೆ ಮೇಲೇ ಕಾಲಿಟ್ಟು ವಾಪಸ್ ಬಂದರು. ಡಾಕ್ಟರ್ ಮೇಡಂ, ಅದು ಕರ್ಲ್ಯೂ ಇರಬೇಕು ಅಲ್ವಾ?

ಹತ್ತು ಹನ್ನೆರಡು ಜನ ಎದುರು ಸಿಕ್ಕರು. ಎಲ್ಲರೂ ನಮಸ್ಕಾರ ಹೇಳಿದರು. ಒಬ್ಬ ಹಿರಿಯರು ಕಂಬಳಿ ಮುಟ್ಟಿ ನೋಡಿ, ಯಾವ ಕುರಿಯ ಉಣ್ಣೆ ಅಂತ ಕೇಳಿದರು. ನಾನು ನಡುವೆ ನಿಂತು ಕಾಲು ಗಂಟೆ ಅನುವಾದ ಮಾಡಿದೆ.

ಪಹಣಿ ಪುಟದ ಸರ್, ನಿಮ್ಮ ಮಾತಿನ ಹಾಗೆ ಒಂದು ನೋಟ್‌ಬುಕ್ ಮಾಡಿದ್ದೇನೆ. ಅಪ್ಪ ಹೇಳುತ್ತಾರೆ, ನಾನು ಬರೆಯುತ್ತೇನೆ. ನಮ್ಮೂರಿಂದ ಹೊರಡುತ್ತಿದ್ದ ಏಳು ಕಾಲುದಾರಿಗಳಲ್ಲಿ ನಾಲ್ಕು ಮುಗಿದಿವೆ. ಸುಗ್ಗಿ ಆದ ಮೇಲೆ ಯಾರ್ಯಾರ ಹೊಲದಲ್ಲಿ ಗೊಬ್ಬರಕ್ಕೆ ಕುರಿ ತರುಬುತ್ತಿದ್ದರು, ರಾತ್ರಿಗೆ ಎಷ್ಟು ಸೇರು ಕಾಳು ಕೊಡುತ್ತಿದ್ದರು ಅನ್ನೋದೂ ಅದರಲ್ಲಿ ಬರುತ್ತಿದೆ. ದಿಶಾಂಕ್‌ನಲ್ಲಿ ನೋಡಿದರೆ ತಂತಿ ಹಾಕಿದ ಸರ್ವೆ ನಂಬರ್ ಇನ್ನೂ ಸರ್ಕಾರಿ ಅಂತಲೇ ತೋರಿಸುತ್ತಿದೆ. ನಕಾಶೆ ಪ್ರತಿಗೆ ಊರಲ್ಲಿರೋ ತಮ್ಮನಿಗೆ ಹೇಳಿದ್ದೇನೆ. ಅರ್ಜಿ ಯಾರ ಹೆಸರಿಗೆ ಬರೆಯಬೇಕು, ಏನೇನು ಲಗತ್ತಿಸಬೇಕು ಅಂತ ದಯವಿಟ್ಟು ತಿಳಿಸಿ.

ಜುಲೈ ಮೊದಲ ಭಾನುವಾರ ರೈಲಿನಲ್ಲಿ ಈಡೇಲ್ ಕಡೆಯಿಂದ ಹೋಗೋಣ ಅಂತಿದ್ದೇವೆ. ಅಣ್ಣ, ನೀವು ಶೆಫೀಲ್ಡ್‌ನಿಂದ ಬರೋದಾದರೆ ಸ್ಟೇಷನ್‌ನಲ್ಲೇ ಸಿಗಬಹುದು. ಹತ್ತು ಗಂಟೆಗೆ ಆಗುತ್ತಾ?